ನುಡಿ ಹಲವು, ಆತ್ಮ ಒಂದೇ



ಪಂಚಾಶತ್ತಮ ಹಬ್ಬದಂದು ತಮ್ಮ ತಮ್ಮ ಭಾಷೆಗಳಲ್ಲಿ ದೇವರ ಮಹತ್ಕಾರ್ಯಗಳನ್ನು ಕೇಳಿದ ಜನರು, ಮಾತನಾಡುವವರೆಲ್ಲ ಗಲಿಲೇಯದವರೆಂದು ಬೆರಗಾದರು. ಆ ಬೆರಗಿನ ಆಳವನ್ನು ಅರಿಯಲು ಪವಿತ್ರ ನಾಡಿನ ನುಡಿಭೇದಗಳನ್ನು ನಾವು ತಿಳಿಯಬೇಕು.

ಹಿಬ್ರೂ ಭಾಷೆ ಎಲ್ಲೆಡೆ ಒಂದೇ ತೆರನಾಗಿರಲಿಲ್ಲ. ದ್ರಾಕ್ಷಾರಸವೆಂಬ ಪದವನ್ನು ದಕ್ಷಿಣದ ಜುದೇಯದವರು ಎರಡು ಯಕಾರವಿಟ್ಟು ಬರೆದರೆ, ಉತ್ತರದ ಸಮಾರಿಯದವರು ಒಂದನ್ನೇ ಬರೆಯುತ್ತಿದ್ದರು. 1910ರಲ್ಲಿ ಸಮಾರಿಯದಲ್ಲಿ ದೊರೆತ, ಕ್ರಿ.ಪೂ. 8ನೇ ಶತಮಾನದ ಮಡಕೆಚೂರುಗಳ ಬರಹವೇ ಇದಕ್ಕೆ ಸಾಕ್ಷಿ.

ಉಚ್ಚಾರಣೆಯ ಭೇದ ಪ್ರಾಣಕ್ಕೇ ಎರವಾದದ್ದೂ ಉಂಟು. ತೆನೆ ಎಂಬರ್ಥದ 'ಶಿಬ್ಬೋಲೆತ್' ಪದವನ್ನು ಎಫ್ರಯಿಮರು 'ಸಿಬ್ಬೋಲೆತ್' ಎಂದರು. ಅಷ್ಟಕ್ಕೇ ಗಿಲ್ಯಾದಿನವರು ಅವರನ್ನು ಜೋರ್ಡನ್ ನದಿಯ ದಡದಲ್ಲಿ ಕೊಂದರೆಂದು ನ್ಯಾಯಸ್ಥಾಪಕರ ಗ್ರಂಥದ 12ನೇ ಅಧ್ಯಾಯ ತಿಳಿಸುತ್ತದೆ. ಕೊಂದವರೂ ಸತ್ತವರೂ ಇಸ್ರಯೇಲರೇ!

ಯೇಸುವಿನ ಕಾಲಕ್ಕೆ ಗಲಿಲೇಯದ ಆಡುನುಡಿ ಅರಮಾಯಿಕ್ ಆಗಿತ್ತು. ಪೇತ್ರರನ್ನು ಪ್ರಧಾನಯಾಜಕನ ಅಂಗಳದಲ್ಲಿ ಹಿಡಿದುಕೊಟ್ಟದ್ದು ಅವರ ಮಾತಿನ ಧಾಟಿಯೇ. ಹೆದರಿದ ಅವರು ಪ್ರಭುವನ್ನು ಅಲ್ಲಗಳೆದರು. ಪವಿತ್ರಾತ್ಮರು ಇಳಿದುಬಂದಾಗಲೋ ಅದೇ ಪೇತ್ರರು ಜನಸಮೂಹದ ಮುಂದೆ ಎದ್ದು ನಿಂತು ಸಾರಿದರು. ಗಲಿಲೇಯದವರು ಗಲಿಲೇಯದವರಾಗಿಯೇ ಉಳಿದರು, ಅಳಿದದ್ದು ಭಯ.

ನಮ್ಮ ಧರ್ಮಕೇಂದ್ರದಲ್ಲಿಯೂ ಬೇರೆ ಧಾಟಿಯಲ್ಲಿ ಪ್ರಾರ್ಥಿಸುವವರನ್ನು ನಕ್ಕು ದೂರವಿಡದೆ, ಸಹೋದರರೆಂದು ಬರಮಾಡಿಕೊಳ್ಳೋಣ.