ಎರಡೂಕಾಲು ಪರ್ಸೆಂಟ್ ಎಲ್ಲಿ ಹೋಯಿತು?

ಸಕಲೇಶಪುರದ ಕಾಫಿ ವರ್ತಕರೊಬ್ಬರು 13 ಪರ್ಸೆಂಟ್ ತೇವಾಂಶವಿರುವ 1,000 ಕಿಲೋ ರೊಬಸ್ಟಾ ಚೆರಿ ಕೊಂಡು, ಕಣದಲ್ಲಿ ಹರವಿ 11 ಪರ್ಸೆಂಟಿಗೆ ಇಳಿಸಿದರು ಎಂದುಕೊಳ್ಳೋಣ. ಆ ರಾಶಿಯಲ್ಲಿ ನೀರು ಬಿಟ್ಟು ಉಳಿದದ್ದು 870 ಕಿಲೋ. ಬಿಸಿಲು ಅದನ್ನು ಮುಟ್ಟುವುದಿಲ್ಲ. ಒಣಗಿದ ಮೇಲೆ ಅದೇ 870 ಕಿಲೋ ಒಟ್ಟು ತೂಕದ 89 ಪರ್ಸೆಂಟ್ ಆಗಿರುವುದರಿಂದ ತಕ್ಕಡಿ ತೋರಿಸುವುದು ಸುಮಾರು 977.5 ಕಿಲೋ. ತೇವಾಂಶ ಇಳಿದದ್ದು ಎರಡು ಅಂಶ, ತೂಕ ಇಳಿದದ್ದು ಎರಡೂಕಾಲು ಪರ್ಸೆಂಟ್. ಕಂಪ್ಯೂಟರಿನಲ್ಲಿ ಮಾತ್ರ ಇನ್ನೂ 1,000 ಕಿಲೋ ಇದೆ. ಇಂಥ ಹತ್ತು ಲಾಟ್ ದಾಟುವಷ್ಟರಲ್ಲಿ ಗೋದಾಮಿಗೂ ಪರದೆಗೂ ನಾಲ್ಕೂವರೆ ಮೂಟೆಯ ಅಂತರ ಬಿದ್ದು, ಸಾಫ್ಟ್‌ವೇರೇ ಸರಿಯಿಲ್ಲ ಎಂಬ ಮಾತು ಹುಟ್ಟುತ್ತದೆ. ನನ್ನ ವಾದ ಇಷ್ಟು: ಇಂಥ ಅಂತರದಲ್ಲಿ ಯಂತ್ರದ ಕೂಡುಕಳೆ ತಪ್ಪಿರುವುದು ತೀರಾ ಅಪರೂಪ. ಸರಕು ರೂಪ ಬದಲಿಸಿದ ಕ್ಷಣ ಲೆಕ್ಕಕ್ಕೆ ಬಾರದೆ ಹೋಗಿರುತ್ತದೆ. ಹುಡುಕಬೇಕಾದದ್ದು ಆ ಕ್ಷಣವನ್ನು. ಹೊಂದಾಣಿಕೆಯ ಎಂಟ್ರಿ ಹಾಕಿ ಮುಚ್ಚಿಬಿಟ್ಟರೆ ಅದು ಮತ್ತೆ ಸಿಗುವುದಿಲ್ಲ.

ಲೆಕ್ಕದ ತಂತ್ರಾಂಶದ ಒಳಗೆ ಎರಡು ಪುಸ್ತಕಗಳಿರುತ್ತವೆ. ಒಂದು ಹಣದ್ದು. 1494ರಲ್ಲಿ ವೆನಿಸ್‌ನಲ್ಲಿ ಲೂಕಾ ಪಾಚೋಲಿ ಅಚ್ಚು ಹಾಕಿಸಿದ ಗ್ರಂಥದಲ್ಲಿ ವಿವರಿಸಿದ ಜೋಡಿ ನಮೂದಿನ ಪದ್ಧತಿಯೇ ಅದಕ್ಕೆ ಆಧಾರ: ಪ್ರತಿ ಮೊತ್ತವೂ ಒಂದು ಕಡೆ ಡೆಬಿಟ್, ಇನ್ನೊಂದು ಕಡೆ ಕ್ರೆಡಿಟ್. ಎರಡೂ ಕಡೆ ಸಮವಾಗದಿದ್ದರೆ ವೋಚರ್ ಸೇವ್ ಆಗುವುದೇ ಇಲ್ಲ. ಇನ್ನೊಂದು ದಾಸ್ತಾನಿನದು. ಅಲ್ಲಿ ಆರಂಭದ ಶಿಲ್ಕಿಗೆ ಬಂದದ್ದನ್ನು ಕೂಡಿಸಿ ಹೋದದ್ದನ್ನು ಕಳೆಯುವುದಷ್ಟೇ ಕೆಲಸ. ತಪ್ಪನ್ನು ಹಿಡಿಯುವ ಎರಡನೆಯ ಬದಿ ಇಲ್ಲ. ಹಣದ ಪುಸ್ತಕ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ, ದಾಸ್ತಾನಿನ ಪುಸ್ತಕವನ್ನು ಪರೀಕ್ಷಿಸುವುದು ತಕ್ಕಡಿ ಮಾತ್ರ. ಬೆಂಗಳೂರಿನಲ್ಲಿ 1986ರಲ್ಲಿ ಶುರುವಾದ, ಇಂದು ಆಲೂರಿನ ಸಣ್ಣ ಅಂಗಡಿಯ ಮೇಜಿನ ಮೇಲೂ ಕಾಣುವ ಟ್ಯಾಲಿಯಂಥ ತಂತ್ರಾಂಶಕ್ಕೂ ಈ ಮಿತಿ ಇದೆ. ಸೋಪು ಕೊಂಡು ಸೋಪನ್ನೇ ಮಾರುವ ಅಂಗಡಿಗೆ ಅದರಿಂದ ತೊಂದರೆಯಿಲ್ಲ. ಚೆರಿ ಕೊಂಡು ಕಾಫಿಬೀಜ ಮಾರುವವರಿಗೆ ಅಷ್ಟು ಸಾಲದು.

ಈ ಲೆಕ್ಕದ ಹೊರೆ ವರ್ತಕರ ಹೆಗಲಿಗೆ ಬಂದು ಹೆಚ್ಚು ಕಾಲವಾಗಿಲ್ಲ. 1940ರ ದಶಕದಿಂದ ಬೆಳೆಗಾರರು ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೆ ಒಪ್ಪಿಸಬೇಕಿತ್ತು. ತೂಕ, ದರ್ಜೆ, ಕಂತಿನ ಹಣ ಎಲ್ಲದರ ಲೆಕ್ಕ ಬೋರ್ಡಿನದೇ. 1990ರ ದಶಕದಲ್ಲಿ ಪೂಲ್ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಪೂರ್ತಿ ತೆರೆದುಕೊಂಡಿತು. ಆಮೇಲೆ ಔಟ್‌ಟರ್ನ್ (ಓಟಿ) ಎಂಬ ಸಂಖ್ಯೆ ಊರಿನ ವ್ಯಾಪಾರದ ಒಳಗೇ ಬಂದು ಕೂತಿತು. 50 ಕಿಲೋ ಚೆರಿ ಮೂಟೆಗೆ ಓಟಿ 27 ಎಂದರೆ ಸಿಪ್ಪೆ ಬಿಡಿಸಿದ ಮೇಲೆ 27 ಕಿಲೋ ಬೀಜ. ದರ ನಿಲ್ಲುವುದು ಇದರ ಮೇಲೆ. ಆದ್ದರಿಂದಲೇ ಮೂಲ ತಂತ್ರಾಂಶಕ್ಕೆ ಆಡ್-ಆನ್ ಜೋಡಿಸಿಕೊಳ್ಳುತ್ತಾರೆ: ಮೂಟೆ, ಒಟ್ಟು ತೂಕ, ಖಾಲಿ ಚೀಲದ ತೂಕ, ತೇವಾಂಶ, ಓಟಿ, ಹೀಗೆ ಒಂದೊಂದಕ್ಕೂ ಒಂದೊಂದು ಕಾಲಂ. ಒಂದೇ ಲಾಟಿಗೆ ಹೀಗೆ ಮೂರು ಪ್ರಮಾಣಗಳು ಹುಟ್ಟುತ್ತವೆ: ತಕ್ಕಡಿ ತೋರಿದ್ದು, ದುಡ್ಡು ಕೊಟ್ಟದ್ದು, ಕೊನೆಗೆ ಸಿಗುವ ಬೀಜ. ಟ್ಯಾಲಿಯಲ್ಲಿ ನಿಜವಾದ ಪ್ರಮಾಣಕ್ಕೂ ಬಿಲ್ ಮಾಡಿದ ಪ್ರಮಾಣಕ್ಕೂ ಬೇರೆ ಕಾಲಂ ತೆರೆಯುವ ಸೌಲಭ್ಯವಿದೆ. ಅದನ್ನು ಚಾಲೂ ಮಾಡದೆ ಬಿಟ್ಟರೆ ಮೂರೂ ಒಂದರೊಳಗೊಂದು ಬೆರೆಯುತ್ತವೆ. ಕಿಲೋ ಎಂಬ ಮಾನಕ್ಕೆ ದಶಮಾಂಶ ಸ್ಥಾನ ಸೊನ್ನೆ ಎಂದು ಇಟ್ಟಿದ್ದರೆ ಅರ್ಧ ಕಿಲೋ, ಕಾಲು ಕಿಲೋ ಸದ್ದಿಲ್ಲದೆ ಜಾರಿಹೋಗುತ್ತವೆ; ಏಲಕ್ಕಿಯಲ್ಲಿ ಅದು ಸಣ್ಣ ನಷ್ಟವಲ್ಲ. ಇನ್ನು ಚೆರಿ ಬೀಜವಾಗುವ ಘಟನೆ ಖರೀದಿಯೂ ಅಲ್ಲ, ಮಾರಾಟವೂ ಅಲ್ಲ. ಅದಕ್ಕೆ ಸ್ಟಾಕ್ ಜರ್ನಲ್ ಬೇಕು: ಇಷ್ಟು ಚೆರಿ ಹೋಯಿತು, ಇಷ್ಟು ಬೀಜ ಬಂತು, ಇಷ್ಟು ಸಿಪ್ಪೆ, ಇಷ್ಟು ನೀರು. ಅದನ್ನು ಬರೆಯದೆ ಬೀಜ ಮಾರಿದರೆ ಬೀಜದ ದಾಸ್ತಾನು ಮೈನಸ್‌ಗೆ ಇಳಿಯುತ್ತದೆ, ಚೆರಿಯ ದಾಸ್ತಾನು ಖಾಲಿ ಕಣದಲ್ಲೂ ಉಬ್ಬಿಯೇ ಇರುತ್ತದೆ.

ಅಂತರ ಕಂಡಾಗ ಇಡೀ ವರ್ಷದ ಎಂಟ್ರಿಗಳನ್ನು ಮೊದಲಿಂದ ಓದುವುದು ವ್ಯರ್ಥ ಶ್ರಮ. ಗೋದಾಮಿನ ತೂಕದ ಚೀಟಿಗಳಿದ್ದರೆ ವರ್ಷದ ನಡುವಿನ ಒಂದು ದಿನವನ್ನು ಹಿಡಿದು ಅಂದಿನ ಶಿಲ್ಕನ್ನು ಹೋಲಿಸಬೇಕು. ಸರಿಯಿದ್ದರೆ ತಪ್ಪು ಆಮೇಲಿನದು, ಇಲ್ಲದಿದ್ದರೆ ಮೊದಲಿನದು. ಉಳಿದರ್ಧವನ್ನು ಮತ್ತೆ ಅರ್ಧ ಮಾಡುತ್ತ ಹೋದರೆ ಒಂಬತ್ತು ಹೋಲಿಕೆಯೊಳಗೆ 365 ದಿನಗಳಲ್ಲಿ ಅಂತರ ಹುಟ್ಟಿದ ದಿನ ಸಿಗುತ್ತದೆ, ಏಕೆಂದರೆ ಒಂಬತ್ತು ಸಲ ಎರಡರಿಂದ ಗುಣಿಸಿದರೆ 512. ತಪ್ಪು ಒಂದಕ್ಕಿಂತ ಹೆಚ್ಚಿದ್ದರೆ ಮೊದಲು ಸಿಕ್ಕಿದ್ದನ್ನು ತಿದ್ದಿ ಮತ್ತೆ ಶುರುಮಾಡಬೇಕು. ಆ ದಿನದಲ್ಲಿ ಸಾಮಾನ್ಯವಾಗಿ ಕಾಣುವುದು ಬರೆಯದೆ ಬಿಟ್ಟ ಸ್ಟಾಕ್ ಜರ್ನಲ್, ಬಿಲ್ಲಿಗೆ ಜೋಡಿಯಾಗದ ಡೆಲಿವರಿ ನೋಟ್, ಇಲ್ಲವೆ ಎರಡು ಹೆಸರಿನಲ್ಲಿ ಬರೆದ ಒಂದೇ ಸರಕು.

ಆಡ್-ಆನ್‌ನದೇ ದೋಷವಿರುವ ಸಂದರ್ಭಗಳೂ ಉಂಟು, ಅದನ್ನು ಅಲ್ಲಗಳೆಯಲಾಗದು. ಟ್ಯಾಲಿಯ ಆಡ್-ಆನ್‌ಗಳು ಟಿಡಿಎಲ್ ಎಂಬ ಅದರದೇ ಭಾಷೆಯಲ್ಲಿ ಬರೆದವು; ಓಟಿ, ತೇವಾಂಶದಂಥ ಹೊಸ ಕಾಲಂಗಳಿಗೆ ಒಳಗೊಳಗೆ ಒಂದೊಂದು ಸಂಖ್ಯೆ ಕೊಟ್ಟಿರುತ್ತಾರೆ. ಬೇರೆಬೇರೆಯವರು ಬರೆದ ಎರಡು ಆಡ್-ಆನ್‌ಗಳು ಒಂದೇ ಸಂಖ್ಯೆಯನ್ನು ಬಳಸಿದರೆ ಒಂದರ ಜಾಗಕ್ಕೆ ಇನ್ನೊಂದರ ಮಾಹಿತಿ ಬಂದು ಕೂರುತ್ತದೆ. ಪರೀಕ್ಷೆ ಸರಳ: ಬ್ಯಾಕಪ್ ತೆಗೆದು, ಅದರ ಪ್ರತಿಯ ಮೇಲೆ ಆಡ್-ಆನ್ ಕಳಚಿ ನೋಡಬೇಕು. ದೋಷ ಉಳಿದರೆ ಅದು ಎಂಟ್ರಿಯದು, ಮಾಯವಾದರೆ ಆಡ್-ಆನ್‌ನದು. ಬಿಲ್ಲಿನ ಕಡೆಯ ಗೊಂದಲಕ್ಕೆ ಬೇರೆ ಕಾರಣವಿದೆ. 2023ರ ಆಗಸ್ಟ್ 1ರಿಂದ ವಹಿವಾಟು 5 ಕೋಟಿ ದಾಟಿದವರಿಗೆ ಇ-ಇನ್‌ವಾಯ್ಸ್ ಕಡ್ಡಾಯ. ಹುರಿಯದ ಕಾಫಿಬೀಜಕ್ಕೆ ಜಿಎಸ್‌ಟಿ ಇಲ್ಲ, ಅದರ ಬಿಲ್ಲಿಗೆ ಇ-ಇನ್‌ವಾಯ್ಸ್ ಬೇಕಿಲ್ಲ. ಆದರೆ ಆ 5 ಕೋಟಿಯ ಎಣಿಕೆಯಲ್ಲಿ ಕಾಫಿಯೂ ಸೇರುತ್ತದೆ. ಹಾಗಾಗಿ ಕಾಫಿಯಿಂದ ಮಿತಿ ದಾಟಿದವರು ಇನ್ನೊಬ್ಬ ವರ್ತಕನಿಗೆ ಕೊಡುವ ಒಂದು ಮೂಟೆ ಕಾಳುಮೆಣಸಿನ ಬಿಲ್ಲನ್ನೂ ಪೋರ್ಟಲ್‌ಗೆ ಕಳಿಸಬೇಕು. ಪೋರ್ಟಲ್ ಕೊಡುವ 64 ಅಕ್ಷರಗಳ ಗುರುತು ಹುಟ್ಟುವುದು ಮಾರುವವರ ಜಿಎಸ್‌ಟಿ ಸಂಖ್ಯೆ, ಹಣಕಾಸು ವರ್ಷ, ದಾಖಲೆಯ ಬಗೆ, ಬಿಲ್ ಸಂಖ್ಯೆ ಈ ನಾಲ್ಕರಿಂದ. ಮೊತ್ತ ಅದರಲ್ಲಿಲ್ಲ. ಮೊತ್ತ ತಿದ್ದಿ ಅದೇ ಸಂಖ್ಯೆಯಲ್ಲಿ ಮತ್ತೆ ಕಳಿಸಿದರೆ ನಕಲು ಎಂದು ತಿರಸ್ಕಾರವಾಗುವುದು ಇದರಿಂದಲೇ.

ಇಷ್ಟೆಲ್ಲ ಏಕೆ, ವರ್ಷಕ್ಕೊಮ್ಮೆ ಎರಡು ಪರ್ಸೆಂಟ್ ಕಳೆದುಬಿಟ್ಟರೆ ಸಾಲದೇ ಎಂಬುದು ಅನುಭವಿ ವರ್ತಕರ ಪ್ರಶ್ನೆ. ಪ್ರಶ್ನೆ ಹಗುರವಾದದ್ದಲ್ಲ; ಕೈಯಲ್ಲಿ ಕಾಳು ಹಿಡಿದೇ ಒಣಗಿದ ಮಟ್ಟ ಹೇಳಬಲ್ಲವರು ಇಲ್ಲಿದ್ದಾರೆ. ಆದರೆ ಇಡಿಗಂಟಿನ ಕಡಿತ ನೀರಿನ ಜೊತೆಗೆ ಕಳುವನ್ನೂ, ತೂಕದ ಮೋಸವನ್ನೂ, ಹಸಿ ಮಾಲಿಗೆ ಒಣ ದರ ಕೊಟ್ಟ ತಪ್ಪನ್ನೂ ನುಂಗುತ್ತದೆ. ಕಾನೂನಿಗೂ ಈ ವ್ಯತ್ಯಾಸ ಬೇಕು. ಜಿಎಸ್‌ಟಿ ನಿಯಮ 56 ಕಳೆದುಹೋದ, ಕಳುವಾದ, ನಾಶವಾದ, ರೈಟ್‌ಆಫ್ ಆದ ಸರಕಿನ ವಿವರವನ್ನೂ ದಾಸ್ತಾನು ಲೆಕ್ಕದಲ್ಲಿ ಕೇಳುತ್ತದೆ. ಅಂಥ ಸರಕಿನ ಇನ್‌ಪುಟ್ ಕ್ರೆಡಿಟ್ ಸಿಗದು ಎನ್ನುತ್ತದೆ ಕಲಂ 17(5). ಬೇರೆ ವರ್ತಕರಿಂದ ತೆರಿಗೆ ಕೊಟ್ಟು ಕೊಂಡ ಮೆಣಸು ಒಣಗಿ ಇಳಿದದ್ದನ್ನು ಕಣ್ಮುಚ್ಚಿ ರೈಟ್‌ಆಫ್ ಎಂದು ಬರೆದರೆ, ಮಾಡದ ನಷ್ಟಕ್ಕೆ ವಿವರಣೆ ಕೊಡುವ ಪಾಡು ಬರುತ್ತದೆ. ಕೊಯ್ಲಿನ ತಿಂಗಳುಗಳಲ್ಲಿ ಪುರುಸೊತ್ತಿಲ್ಲ ಎಂಬ ಆಕ್ಷೇಪ ನಿಜ. ಅದಕ್ಕೆ ದಿನಕ್ಕೊಂದು ಎಂಟ್ರಿ ಬೇಡ, ಲಾಟಿಗೆ ಎರಡು ಓದು ಸಾಕು: ಒಳಬಂದಾಗಿನ ತೂಕ ಮತ್ತು ತೇವಾಂಶ, ಹೊರಹೋಗುವಾಗಿನವು. ಮೊದಲ ಪ್ಯಾರಾದ ಲೆಕ್ಕವನ್ನು ಆಡ್-ಆನ್ ಮಾಡಿಕೊಳ್ಳಲಿ. ಲೆಕ್ಕ ಹೇಳಿದ ಇಳಿಕೆಗೂ ತಕ್ಕಡಿಯ ಇಳಿಕೆಗೂ ಉಳಿಯುವ ಅಂತರವೇ ನಿಜಕ್ಕೂ ವಿಚಾರಿಸಬೇಕಾದ ಅಂತರ.

ಮಲೆನಾಡಿನ ಆಡ್-ಆನ್‌ಗೆ ಇನ್ನೂ ಒಂದು ಗುಣ ಬೇಕು. ಕಾಫಿ, ಮೆಣಸು ಗಾಳಿಯ ತೇವವನ್ನು ಹೀರುವ ವಸ್ತುಗಳು; ಮಂಗಳೂರಿನ ಕ್ಯೂರಿಂಗ್ ಕೇಂದ್ರಗಳಲ್ಲಿ ಮಾನ್ಸೂನ್ಡ್ ಮಲಬಾರ್ ಕಾಫಿ ಬೇಕೆಂದೇ ಮಳೆಗಾಳಿ ಕುಡಿಸಿ ಬೀಜ ಊದಿಸಿದ್ದು. ಬೇಕಿಲ್ಲದಿದ್ದರೂ ಜುಲೈ ಹೊತ್ತಿಗೆ ಸಕಲೇಶಪುರದ ಗೋದಾಮುಗಳಲ್ಲಿ ಅಷ್ಟಿಷ್ಟು ಅದೇ ನಡೆಯುತ್ತದೆ, ದಾಸ್ತಾನು ಪುಸ್ತಕಕ್ಕಿಂತ ಹೆಚ್ಚು ತೂಗುತ್ತದೆ. ಒಣಗಿದ ನಷ್ಟದ ಕಾಲಂ ಧನ ಸಂಖ್ಯೆಯನ್ನು ಮಾತ್ರ ಒಪ್ಪುವಂತೆ ಬರೆದ ಆಡ್-ಆನ್ ಈ ಹೆಚ್ಚಳವನ್ನು ಬರೆಯಲು ಬಿಡುವುದಿಲ್ಲ. ಆಡ್-ಆನ್ ಬರೆದುಕೊಡುವವರಿಗೆ ಹಣ ಕೊಡುವ ಮೊದಲು ಆ ಕಾಲಂನಲ್ಲಿ ಒಂದು ಮೈನಸ್ ಸಂಖ್ಯೆ ಹಾಕಿ ನೋಡಬೇಕು.