ಹಳೆಯ ಚಿತ್ರದ ಮೇಲೆ ಹೊಸ ಆಟ

ಚಿತ್ರ ಬರೆಯುವವರಿರುವ ಅನೇಕ ಮನೆಗಳ ಅಟ್ಟದಲ್ಲಿ ಹಳೆಯ ಅಮೂರ್ತ ಚಿತ್ರಗಳು ಧೂಳು ಹಿಡಿದಿರುವುದನ್ನು ನಾವು ಕಾಣುತ್ತೇವೆ. ಮನುಷ್ಯ, ಮರ, ಮನೆ ಎಂಬ ಆಕೃತಿಗಳ ಹಂಗಿಲ್ಲದೆ, ಬರಿಯ ಬಣ್ಣ ರೇಖೆಗಳಿಂದ ರಚಿತವಾದ ಅವು ಒಂದು ಕಾಲಕ್ಕೆ ಸಂತೋಷವನ್ನಿತ್ತವು. ಇಂದು ಗೋಡೆಗೆ ತೂಗಹಾಕಲು ಮನಸ್ಸಿಲ್ಲ, ಎಸೆಯಲೂ ಮನಸ್ಸಿಲ್ಲ. ಅವುಗಳ ಮೇಲೆಯೇ ಮತ್ತೆ ಬಣ್ಣ ಹಚ್ಚಬಾರದೇಕೆ?

ಇದು ಹೊಸ ಮಾತೇನಲ್ಲ. ಕಾಜಿಮಿರ್ ಮಾಲೆವಿಚ್ 1915ರಲ್ಲಿ ರಚಿಸಿದ ‘ಕಪ್ಪು ಚೌಕ’ ಅಮೂರ್ತ ಕಲೆಯ ಇತಿಹಾಸದಲ್ಲಿ ಸುಪ್ರಸಿದ್ಧವಾದುದು. ಆ ಕಪ್ಪಿನ ಅಡಿಯಲ್ಲಿ ಎರಡು ವರ್ಣಚಿತ್ರಗಳು ಅಡಗಿವೆಯೆಂದು ಮಾಸ್ಕೋದ ಟ್ರೆಟ್ಯಾಕೋವ್ ಗ್ಯಾಲರಿಯ ತಜ್ಞರು 2015ರಲ್ಲಿ ಪ್ರಕಟಿಸಿದರು. ಮೇಲ್ಪದರದ ಬಿರುಕುಗಳಲ್ಲಿ ಕೆಳಗಿನ ಬಣ್ಣಗಳು ಇಂದಿಗೂ ಇಣುಕುತ್ತವೆ. ಒಂದು ಚಿತ್ರ ಮತ್ತೊಂದಕ್ಕೆ ನೆಲಗಟ್ಟಾಯಿತು.

ಕ್ಯಾನ್ವಾಸಿನ ಉಳಿತಾಯವಷ್ಟೇ ಇದರ ಲಾಭವೆಂದು ನಾವು ಭಾವಿಸುವುದಿಲ್ಲ. ಬಿಳಿಯ ಹಾಸಿನೆದುರು ಕೈ ಹಿಂಜರಿಯುತ್ತದೆ. ಎಲ್ಲಿ ಕೆಟ್ಟುಹೋದೀತೋ ಎಂಬ ಅಳುಕು. ಬೇಡವಾದ ಚಿತ್ರದಲ್ಲಿ ಕೆಡುವುದಕ್ಕೇನೂ ಉಳಿದಿಲ್ಲ. ಆದ್ದರಿಂದಲೇ ಕೈ ಹಗುರಾಗುತ್ತದೆ. ನೀಲಿಯ ಮಚ್ಚೆ ಮೀನಾಗುತ್ತದೆ, ಓರೆಗೆರೆ ಏಣಿಯಾಗುತ್ತದೆ. ಮೋಡದಲ್ಲಿ ಆನೆಯನ್ನು ಕಾಣುವ ಮಗುವಿನ ಕಣ್ಣು ನಮಗೆ ಮರಳಿ ದೊರೆಯುತ್ತದೆ.

ಕೆಲವು ಎಚ್ಚರಿಕೆಗಳು ಅವಶ್ಯ. ತೈಲವರ್ಣದ ಮೇಲೆ ಅಕ್ರಿಲಿಕ್ ಹಚ್ಚಿದರೆ ಅದು ಸರಿಯಾಗಿ ಹಿಡಿಯದೆ ಕಾಲಾಂತರದಲ್ಲಿ ಸುಲಿದು ಬರಬಹುದು. ಅಲ್ಲಿ ತೈಲವರ್ಣವನ್ನೇ ಬಳಸಬೇಕು. ಚೆನ್ನಾಗಿ ಒಣಗಿದ ಅಕ್ರಿಲಿಕ್ ಮೇಲಾದರೋ ಎರಡೂ ನಿಲ್ಲುತ್ತವೆ. ಮೊದಲು ಧೂಳನ್ನು ಒರೆಸಿ, ಉಬ್ಬಿದ ಬಣ್ಣವನ್ನು ನೀರು ತಾಕುವ ಉಪ್ಪುಕಾಗದದಿಂದ ಒದ್ದೆ ಮಾಡಿ ಉಜ್ಜಿರಿ. ಬಣ್ಣದ ಪುಡಿ ಉಸಿರಿಗೆ ಸೇರದಿರಲಿ. ಎಲ್ಲವನ್ನೂ ಮುಚ್ಚಬೇಡಿ. ಹಿಡಿಸಿದ ಒಂದೆರಡು ಭಾಗಗಳನ್ನು ಉಳಿಸಿಕೊಂಡು ಅಲ್ಲಿಂದ ಆರಂಭಿಸಿರಿ.

ಒಮ್ಮೆ ಮುಚ್ಚಿದ್ದು ಮರಳಿ ಬಾರದೆಂಬುದೂ ನೆನಪಿರಲಿ. ಅಗಲಿದ ಹಿರಿಯರ ಚಿತ್ರವನ್ನಾಗಲಿ, ಮನೆಯ ಮತ್ತೊಬ್ಬರ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆಯಾಗಲಿ ಮುಟ್ಟತಕ್ಕದ್ದಲ್ಲ; ಮಗುವಿನ ಚಿತ್ರಕ್ಕೂ ಈ ಮಾತು ಸಲ್ಲುತ್ತದೆ. ನಿಮ್ಮದೇ ಚಿತ್ರವಾದರೂ ಮೊದಲು ಒಂದು ಛಾಯಾಚಿತ್ರ ತೆಗೆದಿರಿಸಿರಿ.

ನಿನ್ನೆಯ ಕೃತಿಯನ್ನು ಗೌರವಿಸುವುದೆಂದರೆ ಅದಕ್ಕೆ ಕಾವಲು ಕುಳಿತುಕೊಳ್ಳುವುದಲ್ಲ. ಈ ರಜೆಯಲ್ಲಿ ಅಟ್ಟದಿಂದ ಒಂದು ಚಿತ್ರ ಕೆಳಗಿಳಿಯಲಿ. ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿರಿ, ‘ಇದೇನು ಬರೆದೆ?’ ಎಂದು ಮಾತ್ರ ಯಾರೂ ಯಾರನ್ನೂ ಕೇಳದಿರಲಿ.