ಕಿವಿಗೂ ಬೇಕು ಸಾಧನೆ: ಆಟದ ಮೂಲಕ ಶ್ರವಣ ತರಬೇತಿ

ಸಂಗೀತ ಕಲಿಯುವವರು ಶ್ರುತಿಜ್ಞಾನಕ್ಕಾಗಿ ವರ್ಷಗಟ್ಟಲೆ ಸಾಧನೆ ಮಾಡುವುದನ್ನು ನಾವು ಬಲ್ಲೆವು. ಆ ಸಂಗೀತವನ್ನು ಮುದ್ರಿಸುವ, ಸಭಾಗೃಹದ ಕೊನೆಯ ಸಾಲಿಗೂ ತಲುಪಿಸುವ ಸೌಂಡ್ ಇಂಜಿನಿಯರ್‌ಗಳ ಕಿವಿಗೂ ಅಂಥದೇ ಸಾಧನೆ ಅಗತ್ಯವೆಂಬುದನ್ನು ಮಾತ್ರ ನಾವು ಅಷ್ಟಾಗಿ ಗಮನಿಸುವುದಿಲ್ಲ.

ಮನುಷ್ಯನ ಕಿವಿಗೆ ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಕಂಪನಗಳು ಕೇಳಿಸುತ್ತವೆ. ಗಾಯಕರು ಗುರುತಿಸಬೇಕಾದುದು ಸ್ವರವನ್ನು. ಧ್ವನಿ ತಂತ್ರಜ್ಞರು ಗುರುತಿಸಬೇಕಾದುದು ಈ ವಿಸ್ತಾರದಲ್ಲಿ ಯಾವ ಭಾಗ ಹಿಗ್ಗಿದೆ, ಯಾವುದು ಕುಗ್ಗಿದೆ ಎಂಬುದನ್ನು. 250 ಹರ್ಟ್ಸ್‌ನ ಸುತ್ತ ಹೆಚ್ಚಾದರೆ ಮಾತು ಮಂದವಾಗುತ್ತದೆ. 3,000ದ ಸುತ್ತ ಹೆಚ್ಚಾದರೆ ಕಿವಿಗೆ ಚುಚ್ಚುತ್ತದೆ.

ಪೋಲೆಂಡಿನ ವಾರ್ಸಾದಲ್ಲಿ, ಇಂದು ಷೋಪಾನ್ ವಿಶ್ವವಿದ್ಯಾಲಯವೆನಿಸಿರುವ ಸಂಗೀತ ವಿದ್ಯಾಲಯವು 1970ರ ದಶಕದಲ್ಲೇ ಧ್ವನಿಮುದ್ರಣದ ವಿದ್ಯಾರ್ಥಿಗಳಿಗೆ ಈ ಪಾಠವನ್ನು ಆರಂಭಿಸಿತು. ಬಳಿಕ ಗಣಕಯಂತ್ರವು ಅದನ್ನು ಆಟವಾಗಿಸಿತು. ಹರ್ಮನ್ ಸಂಸ್ಥೆಯಲ್ಲಿ ಶಾನ್ ಆಲಿವ್ ಮತ್ತು ಸಂಗಡಿಗರು ರೂಪಿಸಿದ ‘ಹೌ ಟು ಲಿಸನ್’ ತಂತ್ರಾಂಶ ಇದಕ್ಕೊಂದು ನಿದರ್ಶನ.

ಆಟದ ಕ್ರಮ ಸರಳ. ಹಾಡಿನ ತುಣುಕೊಂದರಲ್ಲಿ ಯಾವುದೋ ಒಂದು ಭಾಗವನ್ನು ಏರಿಸಿ ಅಥವಾ ಇಳಿಸಿ ಕೇಳಿಸಲಾಗುತ್ತದೆ. ಮೂಲದೊಡನೆ ಹೋಲಿಸಿ ಅದು ಯಾವ ಭಾಗವೆಂದು ಹೇಳಬೇಕು. ಉತ್ತರ ಸರಿಯಾದಂತೆಲ್ಲ ಆಯ್ಕೆಗಳು ಹೆಚ್ಚುತ್ತವೆ, ವ್ಯತ್ಯಾಸ ಸೂಕ್ಷ್ಮವಾಗುತ್ತದೆ. ನಿತ್ಯದ ಕೆಲಸದಲ್ಲಿ ನಮ್ಮ ಊಹೆ ಸರಿಯೋ ತಪ್ಪೋ ಎಂದು ಹೇಳುವವರಿರುವುದಿಲ್ಲ. ಆಟದಲ್ಲಿ ಮರುಕ್ಷಣವೇ ತಿಳಿಯುತ್ತದೆ. ಕಿವಿ ಪಳಗುವುದು ಇದರಿಂದಲೇ.

ಇದರಿಂದ ನಮಗೇನು ಪ್ರಯೋಜನ? ಹೊರನಾಡ ಕನ್ನಡಿಗರ ನಾಟಕ, ಯಕ್ಷಗಾನಗಳಲ್ಲಿ ಮೈಕ್ ಕಿರಿಚುವುದು ಹೊಸತಲ್ಲ. ಸ್ಪೀಕರಿನ ಧ್ವನಿ ಮೈಕಿಗೆ ಮರಳಿ ಸೇರಿ, ಒಂದು ಕಂಪನಾಂಕದಲ್ಲಿ ಸುತ್ತುತ್ತ ಬೆಳೆಯುವುದೇ ಆ ಕಿರುಚಾಟ. ಪಳಗಿದ ಕಿವಿಯವರು ಆ ಕಂಪನಾಂಕವನ್ನು ಗುರುತಿಸಿ ಈಕ್ವಲೈಜರ್‌ನಲ್ಲಿ ಅದನ್ನಷ್ಟೇ ತಗ್ಗಿಸುತ್ತಾರೆ. ಅರಿಯದವರು ಒಟ್ಟು ಧ್ವನಿಯನ್ನೇ ಇಳಿಸುತ್ತಾರೆ. ಆಗ ಹಿಂದಿನ ಸಾಲಿನ ಹಿರಿಯರಿಗೆ ಕನ್ನಡದ ಮಾತೇ ಕೇಳಿಸದೆ ಹೋಗುತ್ತದೆ.

ಅಭ್ಯಾಸಕ್ಕೆ ದಿನಕ್ಕೆ ಕಾಲು ಗಂಟೆಯಿಂದ ಆರಂಭಿಸಬಹುದು. ಚಿರಪರಿಚಿತ ಹಾಡನ್ನೇ ಆರಿಸಿಕೊಳ್ಳುವುದು ಲೇಸು. ಏರಿಸಿದ ತುಣುಕು ಕೇವಲ ಜೋರಾಗಿರುವ ಕಾರಣಕ್ಕೆ ಭಿನ್ನವಾಗಿ ಕೇಳಿಸದಂತೆ ಎರಡರ ಮಟ್ಟವನ್ನೂ ಸಮನಾಗಿಸಬೇಕು. ಹೆಡ್‌ಫೋನಿನ ಧ್ವನಿ ಮಿತವಾಗಿರಲಿ: 85 ಡೆಸಿಬಲ್ ಸದ್ದಿಗೆ ದಿನಕ್ಕೆ 8 ಗಂಟೆ ಮಿತಿಯೆಂದೂ, ಪ್ರತಿ 3 ಡೆಸಿಬಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತದೆಂದೂ ಅಮೆರಿಕದ ಔದ್ಯೋಗಿಕ ಸುರಕ್ಷಾ ಸಂಸ್ಥೆ ಸೂಚಿಸಿದೆ. ಅತಿಯಾದ ಸದ್ದಿನಿಂದ ನಾಶವಾದ ಒಳಕಿವಿಯ ಸೂಕ್ಷ್ಮ ಕೋಶಗಳು ಮತ್ತೆ ಬೆಳೆಯುವುದಿಲ್ಲ.

ನಮ್ಮ ಕಾರ್ಯಕ್ರಮಗಳಲ್ಲಿ ಮಿಕ್ಸರಿನ ಹಿಂದೆ ಕುಳಿತುಕೊಳ್ಳುವ ಯುವಕ ಯುವತಿಯರು ಈ ಸಾಧನೆಗೆ ತೊಡಗಲೆಂದು ನಾವು ಆಶಿಸುತ್ತೇವೆ.